ಮೇಷ್ಟ್ರು ಕೂಡಿಸಿದ ಒಂದು ಗಂಟೆ

ನಡೆಯುತ್ತಿರುವಾಗ ಅವರನ್ನು ಮಾತಾಡಿಸಿ ಉತ್ತರ ಪಡೆದವರು ನಮ್ಮ ಸಂಸ್ಥೆಯಲ್ಲಿ ಒಬ್ಬರೂ ಇರಲಿಲ್ಲ. ತಲೆಯನ್ನು ತುಸು ಬಲಕ್ಕೆ ವಾಲಿಸಿ, ಎರಡೂ ಕೈಗಳನ್ನು ಬೂದುಬಣ್ಣದ ಕೋಟಿನ ಜೇಬುಗಳಲ್ಲಿ ಇಳಿಬಿಟ್ಟು, ಅಳೆದು ಇಟ್ಟಂಥ ಸಮಸಮನಾದ ಹೆಜ್ಜೆಗಳಲ್ಲಿ ಮೂರನೆಯ ಮಹಡಿಯ ಕಾರಿಡಾರನ್ನು ದಾಟುತ್ತಿದ್ದ ಆ ನೀಳದೇಹದ ಮನುಷ್ಯನನ್ನು ಎದುರು ಸಿಕ್ಕವರು ಯಾರಾದರೂ ಮಾತಿಗೆಳೆದರೆ, ಜೇಬಿನಿಂದ ಒಂದು ತೋರುಬೆರಳು ಮಾತ್ರ ಮೇಲೆದ್ದು 'ತಾಳಿ' ಎಂದು ಸನ್ನೆ ಮಾಡುತ್ತಿತ್ತು. ತಮ್ಮ ಕೋಣೆಯ ಹೊಸ್ತಿಲು ಮುಟ್ಟಿ, ಮನಸ್ಸಿನಲ್ಲಿದ್ದ ಅಂಕಿಯನ್ನು ಚೀಟಿಯೊಂದರ ಮೇಲೆ ಗೀಚಿ, ಆಮೇಲೆ ಬಂದ ದಾರಿಯಲ್ಲೇ ಹಿಂತಿರುಗಿ, ಬಿಟ್ಟುಹೋದವರನ್ನು ಹುಡುಕಿ ಹಿಡಿದು, "ಹಾಂ, ಏನೋ ಅಂದ್ರಲ್ಲ?" ಎಂದು ಅವರು ಕೇಳುವ ಹೊತ್ತಿಗೆ ಮಾತಾಡಿಸಿದವರಿಗೆ ತಾವು ಅಂದದ್ದೇನೆಂಬುದು ಮರೆತುಹೋಗಿರುತ್ತಿತ್ತು. ಹಿಂತಿರುಗಿ ಬರುವಾಗಲೂ ಅವರು ಎಣಿಸುತ್ತಿದ್ದರೆಂಬುದು ನಮ್ಮೆಲ್ಲರ ಗುಮಾನಿ.

ಎಣಿಸುತ್ತಿದ್ದುದು ಹೆಜ್ಜೆಗಳನ್ನು. ನೂರು ಹೆಜ್ಜೆಗೊಂದರಂತೆ ಎಡಜೇಬಿನ ಗುಂಡಿಯೊಂದು ಬಲಜೇಬಿಗೆ ಹೋಗುತ್ತಿತ್ತು. ಆ ಗುಂಡಿಗಳೆಲ್ಲ ಅದೇ ಕೋಟಿನವು. ಒಂದೊಂದಾಗಿ ಕಿತ್ತುಬಂದಾಗ ಹೊಲಿಸಿಕೊಳ್ಳುವ ಬದಲು ಜೇಬಿಗಿಳಿಸಿ ಕೆಲಸಕ್ಕೆ ಹಚ್ಚಿದ್ದರು. ಹಾಗಾಗಿ ಆ ಕೋಟು ಎದೆಯ ಮೇಲೆ ಎಂದೂ ಮುಚ್ಚಿಕೊಳ್ಳುತ್ತಿರಲಿಲ್ಲ, ಚಳಿಗಾಲವಿಡೀ ಮೇಷ್ಟ್ರು ಕೆಮ್ಮುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅವರ ಹೆಂಡತಿ ಸೂಜಿ ದಾರ ಹಿಡಿದು ಎಷ್ಟು ಸಲ ಬೆನ್ನುಬಿದ್ದರೋ ಏನೋ, "ಕೆಲಸ ಮುಗೀಲಿ, ಆಮೇಲೆ ಹೊಲಿಯುವೆಯಂತೆ" ಎಂಬ ಒಂದೇ ಉತ್ತರ. ಸಂಸ್ಥೆಯಲ್ಲಿ ಅವರಿಗೆ ಹೆಜ್ಜೆ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು, ಅದು ಅವರಿಗೆ ಗೊತ್ತೂ ಇತ್ತು. ಸಂಸ್ಥೆಯ ಅರ್ಧವಾರ್ಷಿಕ ಪತ್ರಿಕೆಯ ಸಂಪಾದಕನಾಗಿ ಇಪ್ಪತ್ತೆರಡು ವರ್ಷ ಅವರ ಪಕ್ಕದ ಕೋಣೆಯಲ್ಲಿ ಕುಳಿತ ನಾನು ಅವರ ವಾಕ್ಯಗಳಿಗೆ ಅಲ್ಪವಿರಾಮ ಹಾಕಿ ಹೊಟ್ಟೆ ಹೊರೆದವನು.

ನಮ್ಮದು ರಕ್ಷಣೆ ಮತ್ತು ಅಂತರರಾಷ್ಟ್ರೀಯ ಭದ್ರತೆಯನ್ನು ಅಧ್ಯಯನ ಮಾಡುವ ಸಂಸ್ಥೆ. ಕ್ಷಿಪಣಿಗಳ ದೂರವನ್ನು ಬಾಯಿಪಾಠ ಹೇಳುವವರು, ಯಾವ ದೇಶದ ಬಳಿ ಎಷ್ಟು ಜಲಾಂತರ್ಗಾಮಿಗಳಿವೆಯೆಂದು ನಿದ್ದೆಯಲ್ಲಿ ಕೇಳಿದರೂ ತಪ್ಪದೆ ಹೇಳುವವರು, ಗೋಡೆಯಗಲದ ನಕ್ಷೆಯ ಮುಂದೆ ಕೋಲು ಹಿಡಿದು ನಿಂತರೆ ತಾವೇ ದಂಡನಾಯಕರಾಗಿಬಿಡುವವರು, ಇಂಥ ಘನವಿದ್ವಾಂಸರ ನಡುವೆ ಮೇಷ್ಟ್ರು ತಾವು ಕಾರಿಡಾರುಗಳ ಮೇಲೆ ಸಂಶೋಧನೆ ಮಾಡುವುದಾಗಿ ಬರೆದುಕೊಟ್ಟಾಗ ಮೂಗು ಮುರಿಯದವರಿಲ್ಲ. ಕ್ಷಿಪಣಿ ವಿಭಾಗದ ಪ್ರಾಧ್ಯಾಪಕರಂತೂ, "ಮುಂದಿನ ವರ್ಷ ಮೆಟ್ಟಿಲಿನ ಮೇಲಾ ಸಾರ್?" ಎಂದು ಎಲ್ಲರೆದುರಿಗೇ ಕೇಳಿದರು. ಮೇಷ್ಟ್ರು ಗಂಭೀರವಾಗಿ, "ಮೆಟ್ಟಿಲೂ ಅದರಲ್ಲೇ ಬರುತ್ತೆ" ಎಂದರು.

ಅವರ ವಿಚಾರ ತೀರಾ ಸರಳವಾದದ್ದು, ಆದ್ದರಿಂದಲೇ ಯಾರಿಗೂ ಹೊಳೆಯದೆ ಇದ್ದದ್ದು. ಗಡಿಯಲ್ಲೊಂದು ಸದ್ದಾಗುತ್ತದೆ. ಈಚೆಯ ಠಾಣೆಯವರು ಆಚೆಯ ಠಾಣೆಗೆ ಫೋನ್ ಮಾಡಿ ಏನದು ಎಂದು ಕೇಳುತ್ತಾರೆ. ಫೋನ್ ಎತ್ತುವವನು ಆಪರೇಟರ್, ತೀರ್ಮಾನ ಮಾಡುವವರು ಸಾಹೇಬರು. ಇವನ ಮೇಜಿನಿಂದ ಅವರ ಕುರ್ಚಿಯವರೆಗೆ ಒಂದು ಕಾರಿಡಾರು, ಒಂದು ಬಾಗಿಲು, ಬಾಗಿಲ ಹೊರಗೊಬ್ಬ ಕಾವಲಿನವನು, ಚೀಟಿ ಇಡುವುದಕ್ಕೊಂದು ಟ್ರೇ. ಕ್ಷಿಪಣಿಯ ವೇಗ ಎಷ್ಟೇ ಇರಲಿ, ಸತ್ಯವು ಆ ಕಾರಿಡಾರಿನಲ್ಲಿ ಕಾಲ್ನಡಿಗೆಯಲ್ಲೇ ಹೋಗಬೇಕು. ಎಷ್ಟೋ ಕದನಗಳು ಆ ನಡಿಗೆ ಮುಗಿಯುವುದರೊಳಗೇ ಶುರುವಾಗಿವೆ ಎಂಬುದು ಅವರ ವಾದ. ಅದನ್ನು ಸಾಧಿಸಿ ತೋರಿಸಲು ಅವರು ನಲವತ್ತೊಂದು ಗಡಿಠಾಣೆಗಳಿಗೆ ಹೋಗಿ ಫೋನಿನಿಂದ ಕುರ್ಚಿಗೆ ಎಷ್ಟು ಹೆಜ್ಜೆಯೆಂದು ನಡೆದು ನೋಡಿ ಬಂದಿದ್ದರು.

ಒಮ್ಮೆ ಸಚಿವಾಲಯದ ಉದ್ದನೆಯ ಕಾರಿಡಾರಿನಲ್ಲಿ ಹೀಗೆ ನಡೆಯುತ್ತಿದ್ದಾಗ ಕಾವಲಿನವನೊಬ್ಬ ಅಡ್ಡಗಟ್ಟಿ, "ಏನ್ ಸಾರ್, ನೆಲ ನೋಡ್ತಾ ಇದ್ದೀರಿ, ಏನಾದ್ರೂ ಕಳ್ಕೊಂಡ್ರಾ?" ಎಂದನಂತೆ. ಮೇಷ್ಟ್ರು ನಿಟ್ಟುಸಿರು ಬಿಟ್ಟು, "ಈಗ ಕಳ್ಕೊಂಡೆ ನೋಡಪ್ಪ, ಇನ್ನೂರ ಹದಿನಾರು ಹೆಜ್ಜೆ" ಎಂದು, ಗುಂಡಿಗಳನ್ನೆಲ್ಲ ಎಡಜೇಬಿಗೆ ಸುರಿದುಕೊಂಡು, ಮತ್ತೆ ಹೆಬ್ಬಾಗಿಲಿನಿಂದ ಶುರುಮಾಡಿದರು. ಅವರು ಎರಡನೆಯ ಸಲ ಬಂದಾಗ ಕಾವಲಿನವ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ.

ಅವರ ಬರವಣಿಗೆಯಲ್ಲಿ ಶತ್ರು ಎಂಬ ಪದ ಇರುತ್ತಿರಲಿಲ್ಲ, 'ಆಚೆಯವರು' ಎಂದೇ ಇರುತ್ತಿತ್ತು. ಪ್ರೌಢ ಪತ್ರಿಕೆಗೆ ಇದು ತಕ್ಕುದಲ್ಲವೆಂದು ನಾನು 'ಎದುರಾಳಿ ರಾಷ್ಟ್ರ' ಎಂದು ತಿದ್ದುತ್ತಿದ್ದೆ, ಕರಡಚ್ಚು ಅವರ ಕೈಗೆ ಹೋಗಿ ಬರುವಷ್ಟರಲ್ಲಿ ಆಚೆಯವರು ಮತ್ತೆ ಬಂದು ಕುಳಿತಿರುತ್ತಿದ್ದರು. ನಾನು ಜಗಳಕ್ಕೆ ಹೋದರೆ, "ಅಲ್ಲಿ ಕೂತು ಬರೆಯೋನಿಗೆ ನಾವೇ ಆಚೆಯವರು, ಅಲ್ವೇ? ಯಾರಿಗೂ ಬೇಜಾರಾಗದ ಪದ ಅದು, ಇರ್ಲಿ ಬಿಡಿ" ಎನ್ನುತ್ತಿದ್ದರು.

ಅವರ ಇನ್ನೊಂದು ಚಟ, ಯಾರು ಯಾವ ಸುದ್ದಿ ಹೇಳಿದರೂ "ಎಷ್ಟು ಗಂಟೆಗೆ?" ಎಂದು ಕೇಳುವುದು. ಉತ್ತರ ಬಂದರೆ ಅಲ್ಲಿಗೆ ಮುಗಿಯಿತೇ? "ಯಾವ ಗಡಿಯಾರದಲ್ಲಿ?" ಎಂಬುದು ಅದರ ಬೆನ್ನಿಗೇ. ಅವರ ಮಗಳು ಹುಟ್ಟಿದಾಗ ದಾದಿ ಹೊರಗೆ ಬಂದು, "ಹೆಣ್ಣು ಮಗು, ನಾಲ್ಕೂ ಇಪ್ಪತ್ತಕ್ಕೆ" ಎಂದರೆ ಈ ಮಹಾರಾಯರು, "ಯಾವ ಗಡಿಯಾರದಲ್ಲಿ ಸಿಸ್ಟರ್, ಒಳಗಿನದರಲ್ಲೋ ಇಲ್ಲಿ ನೇತುಹಾಕಿರೋದ್ರಲ್ಲೋ? ಎರಡಕ್ಕೂ ಮೂರು ನಿಮಿಷ ವ್ಯತ್ಯಾಸ ಇದೆ" ಎಂದರಂತೆ. ಈ ಕಥೆಯನ್ನು ಅವರ ಹೆಂಡತಿ ಹೇಳದ ಸಂದರ್ಭವಿಲ್ಲ, ಹೇಳಿದಾಗಲೆಲ್ಲ ಮೇಷ್ಟ್ರು, "ವ್ಯತ್ಯಾಸ ಇತ್ತು, ನಿಜ" ಎಂದು ಸಾಕ್ಷಿ ನುಡಿಯುತ್ತಿದ್ದರು.

ಇಂಥವರು ಗಡಿಯಾರದ ವಿಷಯದಲ್ಲೇ ಎಡವಿದರು.

ಅವರಿಗೆ ಹೆಸರು ತಂದ ಪ್ರಬಂಧದ ಶೀರ್ಷಿಕೆ 'ಅರವತ್ತನಾಲ್ಕು ನಿಮಿಷದ ಮೌನ'. ಎದುರುಬದುರು ಎರಡು ಗುಡ್ಡಗಳು, ಒಂದರ ಮೇಲೆ ನಮ್ಮ ಠಾಣೆ, ಇನ್ನೊಂದರ ಮೇಲೆ ಆಚೆಯವರದು, ನಡುವಿನ ಕಣಿವೆಯ ಮೇಲೆ ಹಾದುಹೋದ ಒಂದು ಫೋನ್ ತಂತಿ. ಒಂದು ಬೆಳಿಗ್ಗೆ ಆಚೆಯ ಇಳಿಜಾರಿನಲ್ಲಿ ಭಾರಿ ಸ್ಫೋಟದ ಸದ್ದಾಯಿತು. ಆರು ಹತ್ತಕ್ಕೆ ನಮ್ಮ ಆಪರೇಟರ್ ಫೋನ್ ಮಾಡಿದ. ಆರು ನಲವತ್ತಕ್ಕೆ ನಮ್ಮ ಕಡೆಯಿಂದ ಗುಂಡು ಹಾರಿತು, ಅವರ ಕಡೆಯಿಂದಲೂ ಹಾರಿತು. ಮಧ್ಯಾಹ್ನದೊಳಗೆ ಎರಡೂ ಗುಡ್ಡಗಳಲ್ಲಿ ಸೇರಿ ಒಂಬತ್ತು ಜನ ಸತ್ತಿದ್ದರು. ಆ ಸ್ಫೋಟ ರಸ್ತೆ ಕೆಲಸಕ್ಕೆಂದು ಬಂಡೆ ಸಿಡಿಸಿದ್ದಾಗಿತ್ತು. ಅದನ್ನು ತಿಳಿಸುವ ಉತ್ತರ ಗುಂಡು ಹಾರುವ ಮೊದಲು ಬಂತೋ ಆಮೇಲೆ ಬಂತೋ ಎಂಬುದೇ ವಿಚಾರಣೆಯ ಪ್ರಶ್ನೆಯಾಯಿತು. ಮೊದಲೇ ಬಂತು, ಚೀಟಿ ಬರೆದು ಸಾಹೇಬರ ಬಾಗಿಲಿಗೆ ಮುಟ್ಟಿಸಿದೆ ಎಂದು ಆಪರೇಟರ್ ಹೇಳಿದ. ಗುಂಡು ಹಾರುವ ತನಕ ತಮ್ಮ ಕೈಗೆ ಯಾವ ಚೀಟಿಯೂ ಬರಲಿಲ್ಲವೆಂದು ಸಾಹೇಬರು ಹೇಳಿದರು. ಆಪರೇಟರ್ ಗಡಿಬಿಡಿಯಲ್ಲಿ ಫೋನಿನ ರಿಜಿಸ್ಟರಿನಲ್ಲಿ 'ಉತ್ತರ ಬಂತು' ಎಂದಷ್ಟೇ ಬರೆದು ಗಂಟೆ ಹಾಕುವುದನ್ನು ಮರೆತಿದ್ದ.

ಮೂರು ವರ್ಷದ ಮೇಲೆ ಎರಡೂ ದೇಶಗಳು ವಿದ್ವಾಂಸರ ಅಧ್ಯಯನಕ್ಕೆಂದು ಹಳೆಯ ಘಟನೆಗಳ ದಿನದ ರಿಜಿಸ್ಟರಿನ ಹಾಳೆಗಳನ್ನು ವಿನಿಮಯ ಮಾಡಿಕೊಂಡಾಗ ಆಚೆಯ ಆಪರೇಟರನ ಸಾಲು ಮೇಷ್ಟ್ರ ಕೈಗೆ ಬಂತು: 'ಆರು ಹದಿನಾಲ್ಕು. ಕರೆ ತೆಗೆದುಕೊಂಡೆ. ಬಂಡೆ ಎಂದು ಹೇಳಿದೆ.' ಆರು ಹತ್ತಕ್ಕೆ ಕರೆ, ಆರು ಹದಿನಾಲ್ಕಕ್ಕೆ ಉತ್ತರ. ಸಾಮಾನ್ಯನಾದರೆ ನಾಲ್ಕು ನಿಮಿಷವೆಂದು ಓದಿ ಮುಂದೆ ಹೋಗುತ್ತಿದ್ದ. ಮೇಷ್ಟ್ರು ಸಾಮಾನ್ಯರಲ್ಲವಲ್ಲ, "ಯಾವ ಗಡಿಯಾರದಲ್ಲಿ?" ಎಂದು ಕೇಳಿಕೊಂಡರು. ಆಚೆಯ ದೇಶದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಅವರು ಒಂದು ಗಂಟೆ ಕೂಡಿಸಿದರು, ಏಳು ಹದಿನಾಲ್ಕಾಯಿತು. ಉತ್ತರ ಬಂದದ್ದು ಗುಂಡು ಹಾರಿದ ಮೇಲೆ, ಅರವತ್ತನಾಲ್ಕು ನಿಮಿಷ ತಡವಾಗಿ. 'ಈ ವಿಷಯದಲ್ಲಿ ಆಪರೇಟರನ ನೆನಪು ನಂಬಲರ್ಹವಲ್ಲ' ಎಂದು ಒಂದು ಅಡಿಟಿಪ್ಪಣಿಯನ್ನೂ ಹಾಕಿದರು. ಅವರು ಮೊದಲು ಬರೆದಿದ್ದ ವಾಕ್ಯ ಉದ್ದವಾಗಿತ್ತು, ಮೆದುವಾಗಿಯೂ ಇತ್ತು. ಅದನ್ನು ಕತ್ತರಿಸಿ ಹರಿತ ಮಾಡಿದವನು ನಾನು.

ಆ ಪ್ರಬಂಧದಿಂದಾದದ್ದು ಎರಡು. ತೀರ್ಪಿಲ್ಲದೆ ಬಿದ್ದಿದ್ದ ವಿಚಾರಣೆಯ ಕಡತದಲ್ಲಿ ಆ ಅಡಿಟಿಪ್ಪಣಿಯನ್ನೇ ಎತ್ತಿ ಬರೆದು ಆಪರೇಟರನನ್ನು ಸುಳ್ಳು ಹೇಳಿದವನೆಂದು ಕೆಲಸದಿಂದ ತೆಗೆದರು. ಇನ್ನೊಂದು ನಿಧಾನವಾಗಿ ಬೆಳೆಯಿತು: ಹತ್ತು ನಿಮಿಷದೊಳಗೆ ಆಚೆಯಿಂದ ಉತ್ತರ ಬಾರದಿದ್ದರೆ ಅದನ್ನು ದುರುದ್ದೇಶವೆಂದು ತಿಳಿದು, ಮೇಲಿನವರನ್ನು ಕೇಳದೆ ಠಾಣೆಯವರೇ ಗುಂಡು ಹಾರಿಸಬಹುದು ಎಂಬ ಹೊಸ ನಿಯಮವೊಂದು ವರ್ಷಗಟ್ಟಲೆ ಸಮಿತಿಯಿಂದ ಸಮಿತಿಗೆ ಅಲೆದು, ಕೊನೆಗೆ ಸಹಿಯ ಹಂತಕ್ಕೆ ಬಂತು. ಅದರ ಆಧಾರಗ್ರಂಥಗಳ ಪಟ್ಟಿಯಲ್ಲಿ ಮೊದಲನೆಯದು 'ಅರವತ್ತನಾಲ್ಕು ನಿಮಿಷದ ಮೌನ'. ನಮ್ಮ ನಿರ್ದೇಶಕರ ನಿವೃತ್ತಿ ಹತ್ತಿರವಾಗಿತ್ತು, ಆ ಕುರ್ಚಿ ಹೆಜ್ಜೆ ಮೇಷ್ಟ್ರಿಗೇ ಎಂಬುದರಲ್ಲಿ ಎರಡು ಮಾತಿರಲಿಲ್ಲ.

ಸಹಿಗೆ ಮೂರು ವಾರವಿದ್ದಾಗ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬಂತು. ಆಚೆಯ ದೇಶದ ಅಂಚೆಚೀಟಿ, ಒತ್ತಿ ಒತ್ತಿ ಬರೆದ ದಪ್ಪಕ್ಷರ. ಬರೆದವನು ಆ ದಿನ ಆಚೆಯ ಗುಡ್ಡದಲ್ಲಿ ಫೋನ್ ಎತ್ತಿದ ಆಪರೇಟರ್, ಈಗ ನಿವೃತ್ತ. ಕಾಲೇಜಿನಲ್ಲಿ ಓದುವ ಮೊಮ್ಮಗಳು ಈ ಪ್ರಬಂಧವನ್ನು ಎಲ್ಲಿಂದಲೋ ತಂದು ಅವನಿಗೆ ಓದಿ ಹೇಳಿದ್ದಳು. ಆ ಕಾಗದವನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ನಡುವಿನ ಭಾಗ ನನಗೆ ಬಾಯಿಗೇ ಬರುತ್ತದೆ: 'ನಾನು ಅರವತ್ತನಾಲ್ಕು ನಿಮಿಷ ಫೋನ್ ಎತ್ತದೆ ಕುಳಿತಿದ್ದೆನೆಂದು ಬರೆದಿದ್ದೀರಿ. ಫೋನ್ ಬಂದಾಗ ನಾನು ಬೂಟು ಕಟ್ಟುತ್ತಿದ್ದೆ. ಒಂದು ಕಾಲಿನದನ್ನು ಮಾತ್ರ ಕಟ್ಟಿಕೊಂಡು ಓಡಿದೆ. ನಾಲ್ಕು ನಿಮಿಷವಾಗಿದ್ದಕ್ಕೇ ನಿಮ್ಮವನು ನನ್ನನ್ನು ಬೈದ. ನಮ್ಮ ಫೋನಿನ ಕೋಣೆಯ ಗಡಿಯಾರ ನಿಮ್ಮ ದೇಶದ ಸಮಯವನ್ನೇ ತೋರಿಸುತ್ತಿತ್ತು. ಹಿಂದೊಮ್ಮೆ ಈ ಒಂದು ಗಂಟೆಯ ಗೊಂದಲದಿಂದ ಒಂದು ಕರೆ ತಪ್ಪಿಹೋಗಿ ಇಬ್ಬರೂ ಬೈಸಿಕೊಂಡಿದ್ದೆವು. ಅಂದಿನಿಂದ ನಾವಿಬ್ಬರೂ ಒಂದೇ ಗಡಿಯಾರ ಇಟ್ಟುಕೊಂಡೆವು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವನು ಸಮಯ ಹೇಳುತ್ತಿದ್ದ, ನಾನು ಮುಳ್ಳು ತಿರುಗಿಸುತ್ತಿದ್ದೆ. ಸಾಹೇಬರಿಗೆ ಹೇಳಿರಲಿಲ್ಲ, ಹೇಳಿದ್ದರೆ ಇಬ್ಬರಿಗೂ ಉಳಿಗಾಲವಿರಲಿಲ್ಲ.'

ಮೇಷ್ಟ್ರು ನಿಂತುಕೊಂಡೇ ಓದಿದರು. ಕಪಾಟು ತೆಗೆದು ನಮ್ಮ ಠಾಣೆಯ ಮೂರು ವರ್ಷದ ರಿಜಿಸ್ಟರುಗಳನ್ನು ಮೇಜಿನ ಮೇಲೆ ಹರಡಿದರು. ಸೋಮವಾರ, ಎಂಟು ಗಂಟೆ, ಮಾಮೂಲು ಕರೆ, ಒಂದು ನಿಮಿಷ. ಮುಂದಿನ ಸೋಮವಾರವೂ ಅದೇ. ಅದರ ಮುಂದಿನದೂ. ಈ ಸಾಲುಗಳನ್ನು ಅವರು ನೂರಾರು ಸಲ ನೋಡಿದ್ದವರೇ. ತಂತಿ ಸರಿಯಿದೆಯೇ ಎಂದು ನೋಡುವ ಕರೆ ಅಂದುಕೊಂಡು ಬಿಟ್ಟಿದ್ದರು. ಆಚೆಯವರ ರಿಜಿಸ್ಟರಿನ ಇನ್ನೂ ಒಂದು ಹಾಳೆ ಮೇಷ್ಟ್ರ ಬಳಿಯೇ ಇತ್ತು, ಅದೇ ಗುಡ್ಡದ ಬೇರೊಂದು ಘಟನೆಯದು, ಆ ದಿನ ಸೋಮವಾರವಾಗಿತ್ತು. ನಮ್ಮ ರಿಜಿಸ್ಟರಿನಲ್ಲಿ ಎಂಟಕ್ಕೆ ಕರೆ, ಆಚೆಯವರದರಲ್ಲೂ ಎಂಟಕ್ಕೇ. ಅದಕ್ಕೂ ಮೇಷ್ಟ್ರು ಹಿಂದೆ ಒಂದು ಗಂಟೆ ಕೂಡಿಸಿ ಒಂಬತ್ತು ಮಾಡಿ, ಒಂಬತ್ತಕ್ಕೆ ನಮ್ಮಲ್ಲಿ ಕರೆಯೇ ಕಾಣದಿದ್ದಾಗ 'ದಾಖಲಾಗದ ಕರೆಗಳು' ಎಂದು ಆರು ಪುಟದ ಅನುಬಂಧ ಬರೆದಿದ್ದರು. ಆ ಅನುಬಂಧವನ್ನು ವಿದ್ವತ್‌ಲೋಕ ಬಹುವಾಗಿ ಮೆಚ್ಚಿಕೊಂಡಿತ್ತು.

"ಎರಡು ಗುಡ್ಡ ಸೇರಿ ಒಂದು ಗಡಿಯಾರ ಇಟ್ಕೊಂಡಿದ್ರು ಕಣ್ರೀ" ಎಂದರು ಮೇಷ್ಟ್ರು. "ನಾನು ಹೋಗಿ ಅದನ್ನ ಎರಡು ಮಾಡಿದೆ."

ಅಂದು ಮಧ್ಯಾಹ್ನ ಮೂರಕ್ಕೇ ಅವರು ಮನೆಗೆ ಹೊರಟರು. ರಿಜಿಸ್ಟರಿನ ಕಟ್ಟು ಹೊತ್ತುಕೊಂಡು ಜೊತೆಗೆ ನಡೆದ ನಾನು ಅರ್ಧ ದಾರಿಯಲ್ಲಿ ಅವರ ಎರಡೂ ಕೈಗಳು ಜೇಬಿನ ಹೊರಗಿರುವುದನ್ನು ಕಂಡೆ. ಅವರು ಎಣಿಸುತ್ತಿರಲಿಲ್ಲ. ಹೆಜ್ಜೆಗಳೂ ಒಂದು ಉದ್ದ, ಒಂದು ಗಿಡ್ಡ ಬೀಳುತ್ತಿದ್ದವು.

ಅವರ ಹೆಂಡತಿ ಊಟದ ಮೇಜಿನ ಮೇಲೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ರಾಶಿ ಹಾಕಿಕೊಂಡು ಕೆಂಪು ಪೆನ್ನು ಹಿಡಿದು ಕುಳಿತಿದ್ದರು. ಗಂಡನ ಮುಖ ನೋಡಿ ಪೆನ್ನಿಗೆ ಮುಚ್ಚಳ ಹಾಕಿದರು, ಕಾಗದ ಓದಿದರು, ರಿಜಿಸ್ಟರಿನ ಎರಡು ಹಾಳೆ ತಿರುವಿದರು.

"ಒಂದು ಗಂಟೆ ಕೂಡಿಸಿದ್ದು ನೀವೇ ತಾನೆ?"

"ಹೂಂ."

"ಹಾಗಾದ್ರೆ ಕಳೀರಿ. ನನ್ನ ಎಂಟನೇ ಕ್ಲಾಸಿನ ಮಕ್ಕಳೂ ಕೂಡಬಾರದ ಕಡೆ ಕೂಡಿರ್ತಾರೆ. ಹೊಡೆದು ಹಾಕಿ ಪಕ್ಕದಲ್ಲಿ ಸರಿ ಉತ್ತರ ಬರೆದ್ರೆ ನಾನು ಒಂದು ನಂಬರೂ ಕಡಿಮೆ ಕೊಡಲ್ಲ."

"ಒಬ್ಬನ ಕೆಲಸ ಹೋಗಿದೆ ಕಣೆ."

ಆಕೆ ಕಾಗದವನ್ನು ಮಡಚಿ ಗಂಡನ ಮುಂದಿಟ್ಟರು. "ಹಾಗಾದ್ರೆ ಹೊಡೆದು ಹಾಕೋದು ಎಲ್ಲರಿಗೂ ಕಾಣೋ ಹಾಗೆ ಹಾಕಿ" ಎಂದರು. ಆಮೇಲೆ ಎದ್ದು ಹೋಗಿ ಇಬ್ಬರಿಗೂ ಕಾಫಿ ತಂದುಕೊಟ್ಟರು.

ಮರುದಿನ ನಿರ್ದೇಶಕರ ಕೋಣೆಗೆ ಹೋದೆವು. ನಿರ್ದೇಶಕರು ಕೆಟ್ಟವರಲ್ಲ, ಮೂವತ್ತು ವರ್ಷ ಸಂಸ್ಥೆಯನ್ನು ಕಣ್ಣಿನಲ್ಲಿ ಕಣ್ಣಿಟ್ಟು ಕಾಪಾಡಿದವರು. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ತಪ್ಪು ಯಾರಿಗೆ ಆಗಲ್ಲ ಮೇಷ್ಟ್ರೇ? ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕೋಣ, ಕೊನೇ ಪುಟದಲ್ಲಿ" ಎಂದರು.

"ಮುಂದಿನ ಸಂಚಿಕೆ ನಾಲ್ಕು ತಿಂಗಳಿಗೆ. ಸಹಿ ಬೀಳೋದು ಮೂರು ವಾರಕ್ಕೆ."

"ಅಷ್ಟರಲ್ಲಿ ನೀವು ಈ ಕುರ್ಚೀಲಿ ಇರ್ತೀರಿ. ಇಲ್ಲಿ ಕೂತು ನಿಧಾನಕ್ಕೆ ಸರಿಮಾಡಬಹುದು. ಈಗ ಹೋಗಿ ಹೇಳಿದ್ರೆ ಕುರ್ಚೀನೂ ಹೋಗುತ್ತೆ, ಸಂಸ್ಥೆಯ ಮಾನಾನೂ ಹೋಗುತ್ತೆ."

ಮೇಷ್ಟ್ರು ನಿರ್ದೇಶಕರ ಮೇಜಿನ ಮೇಲಿದ್ದ ಟ್ರೇಯನ್ನೇ ನೋಡುತ್ತ ಕುಳಿತಿದ್ದರು. ಅದರ ತುಂಬ ಕಾಗದಗಳಿದ್ದವು. "ಆ ಚೀಟೀನೂ ಹೀಗೇ ಟ್ರೇಯಲ್ಲಿ ಇತ್ತು ಸಾರ್" ಎಂದರು.

ವಾರದೊಳಗೆ ಸಮಿತಿಯ ಸಭೆ ಸೇರಿತು. ಉದ್ದನೆಯ ಮೇಜು, ನೀರಿನ ಲೋಟಗಳು, ಸಮವಸ್ತ್ರದವರು ಒಂದು ಬದಿಗೆ, ಪಂಡಿತರು ಇನ್ನೊಂದು ಬದಿಗೆ. ಮೇಷ್ಟ್ರು ಗುಂಡಿಯಿಲ್ಲದ ಕೋಟನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ಎದ್ದುನಿಂತು ಹೇಳಿದ್ದು ಇಷ್ಟು: ಆಚೆಯವರು ನಾಲ್ಕು ನಿಮಿಷಕ್ಕೆ ಉತ್ತರ ಕೊಟ್ಟಿದ್ದಾರೆ. ಉಳಿದ ಇಪ್ಪತ್ತಾರು ನಿಮಿಷ ಆ ಉತ್ತರ ನಮ್ಮ ಠಾಣೆಯಲ್ಲೇ ಇತ್ತು. ಆಪರೇಟರನ ಮೇಜಿನಿಂದ ಸಾಹೇಬರ ಬಾಗಿಲಿಗೆ ತೊಂಬತ್ತೆರಡು ಹೆಜ್ಜೆ, ಅದನ್ನು ನಾನೇ ಅಳೆದಿದ್ದೇನೆ, ಆತ ಅಷ್ಟೂ ಹೆಜ್ಜೆ ನಡೆದು ಚೀಟಿ ಮುಟ್ಟಿಸಿದ್ದ, ಅದು ಬಾಗಿಲ ಹೊರಗಿನ ಟ್ರೇಯಿಂದ ಮೇಲೇಳಲಿಲ್ಲ. ಸುಳ್ಳು ಹೇಳಿದವನು ಅವನಲ್ಲ. ನಾನೂ ಸುಳ್ಳು ಹೇಳಲಿಲ್ಲ, ಆದರೆ ನನ್ನ ತಪ್ಪಿನಿಂದ ಅವನು ಸುಳ್ಳನಾದ. ಈ ಪ್ರಬಂಧವನ್ನು ನಾನು ಹಿಂದಕ್ಕೆ ಪಡೆಯುತ್ತೇನೆ, ಇದರ ಮೇಲೆ ಯಾವ ನಿಯಮವನ್ನೂ ಕಟ್ಟಬೇಡಿ.

ಸಮವಸ್ತ್ರದ ಹಿರಿಯರೊಬ್ಬರು, "ಅಂದ್ರೆ ತಪ್ಪು ನಮ್ಮ ಕಡೆ ಅಂತೀರಾ?" ಎಂದು ಕೇಳಿದರು.

"ಕಾರಿಡಾರಿನಲ್ಲಿ, ಸಾರ್. ಆ ಕಾರಿಡಾರು ನಮ್ಮ ಕಡೆ ಇತ್ತು."

ನಿಯಮದ ಕಡತಕ್ಕೆ ಸಹಿ ಬೀಳಲಿಲ್ಲ. ಮರುಪರಿಶೀಲನೆಯೆಂಬ ಗೌರವದ ಹೆಸರಿನಲ್ಲಿ ಅದು ಎಲ್ಲಿಗೋ ಹೋಗಿ ಮತ್ತೆ ಬರಲೇ ಇಲ್ಲ. ನಿರ್ದೇಶಕರ ಕುರ್ಚಿ ಕ್ಷಿಪಣಿ ವಿಭಾಗದ ಪ್ರಾಧ್ಯಾಪಕರಿಗೆ ಹೋಯಿತು, ಮೇಷ್ಟ್ರ ಕೋಣೆ ಮೂರನೆಯ ಮಹಡಿಯಿಂದ ನೆಲಮಹಡಿಗೆ, ಸ್ಟೋರ್ ರೂಮಿನ ಪಕ್ಕಕ್ಕೆ ಬಂತು. ಕಾರಿಡಾರಿನಲ್ಲಿ ಕೆಲವರು ಅವರನ್ನು ಕಂಡರೆ ಗೋಡೆಯ ಕಡೆ ಮುಖ ಮಾಡಿದರು. ನನಗೆ ರೋಷ ಉಕ್ಕುತ್ತಿತ್ತು, ಅವರಿಗೆ ಮಾತ್ರ ಒಂದು ಹೊಸ ಅಳತೆ ಸಿಕ್ಕಿದ ಸಂತೋಷ. "ಗೇಟಿನಿಂದ ಬರೀ ಮೂವತ್ತೊಂದು ಹೆಜ್ಜೆ ಕಣ್ರೀ, ಮೊದಲಿನ ಕಾಲು ಭಾಗವೂ ಇಲ್ಲ" ಎನ್ನುತ್ತಿದ್ದರು.

ಆದರೆ ಒಂದು ಕೆಲಸ ಬಾಕಿಯಿತ್ತು, ಅದಕ್ಕೆ ಸಂತೋಷವಾಗಿ ಹೊರಟವರಲ್ಲ. ನಮ್ಮ ಹಳೆಯ ಆಪರೇಟರ್ ಪಕ್ಕದ ಪಟ್ಟಣದ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದು ಹೋಗುವ ಹೊತ್ತನ್ನು ಮೈಕಿನಲ್ಲಿ ಕೂಗಿ ಹೇಳುವ ಕೆಲಸದಲ್ಲಿದ್ದ. ಮೇಷ್ಟ್ರು ನನ್ನನ್ನೂ ಕರೆದರು. ಅಡಿಟಿಪ್ಪಣಿ ಹರಿತ ಮಾಡಿದವನು ಹೋಗದಿರುವುದು ಹೇಗೆ? ಗಾಜಿನ ಗೂಡಿನಂಥ ಸಣ್ಣ ಕೋಣೆ, ಒಂದು ಮೈಕು, ಗೋಡೆಯ ಮೇಲೊಂದು ದೊಡ್ಡ ಗಡಿಯಾರ, ಅದರ ಕೆಳಗೆ ನರೆತ ಮೀಸೆಯ ಸಣ್ಣ ಆಳು. ಮೇಷ್ಟ್ರು ತಮ್ಮ ಪರಿಚಯ ಹೇಳಿಕೊಂಡರು, ಆಚೆಯ ಆಪರೇಟರ್ ಕಾಗದ ಬರೆದದ್ದನ್ನು ತಿಳಿಸಿದರು, ಹಿಂದಕ್ಕೆ ಪಡೆದ ಪ್ರಬಂಧದ ಪ್ರತಿಯನ್ನೂ ವಿಚಾರಣೆಯ ಕಡತ ತಿದ್ದಲು ತಾವು ಬರೆದ ಅರ್ಜಿಯನ್ನೂ ಮೇಜಿನ ಮೇಲಿಟ್ಟರು, "ನನ್ನಿಂದ ದೊಡ್ಡ ತಪ್ಪಾಯ್ತು" ಎಂದರು. ಆಮೇಲೆ ಗಡಿಯಾರದ ಕಡೆ ನೋಡಿದರು.

ಆತ ಮೈಕಿನ ಗುಂಡಿಯೊತ್ತಿ ಎರಡು ಗಂಟೆ ಐದರ ಬಸ್ಸು ಹೊರಡುತ್ತಿದೆಯೆಂದು ಕೂಗಿ, ಗುಂಡಿ ಬಿಟ್ಟು, ಅರ್ಜಿಯನ್ನು ನಿಧಾನವಾಗಿ ಓದಿ ಮುಗಿಸಿದ. "ಹತ್ತೊಂಬತ್ತು ವರ್ಷ ಲೇಟು ಸಾರ್" ಎಂದ. "ಆದ್ರೂ ಬಂದ್ರಲ್ಲ, ಕೂತ್ಕೊಳ್ಳಿ."

ಮೇಷ್ಟ್ರು ಕೂರಲಿಲ್ಲ. "ಒಂದೇ ಗಡಿಯಾರ ಇಟ್ಕೊಂಡಿದ್ವಿ ಅಂತ ವಿಚಾರಣೇಲಿ ಒಂದು ಮಾತು ಹೇಳಿದ್ರೆ ನೀವು ಉಳ್ಕೋತಿದ್ರಿ. ಯಾಕೆ ಹೇಳ್ಲಿಲ್ಲ?"

"ನಾನು ಉಳ್ಕೋತಿದ್ದೆ. ಅವನು ಇನ್ನೂ ಕೆಲಸದಲ್ಲಿದ್ನಲ್ಲ ಸಾರ್. ನಮ್ಮ ಟೈಮ್ ಇಟ್ಕೊಂಡಿದ್ದ ಅಂತ ಗೊತ್ತಾದ್ರೆ ಅವರು ಅವನನ್ನ ಬಿಡ್ತಿದ್ರಾ?" ಆತ ಮೈಕನ್ನು ಬಟ್ಟೆಯಿಂದ ಒರೆಸತೊಡಗಿದ. "ಮುಖಾನೇ ನೋಡಿಲ್ಲ ನಾನು ಅವನದು. ಕಾಗದ ಬರೆದಿದ್ದಾನೆ ಅಂದ್ರಲ್ಲ, ಚೆನ್ನಾಗಿದ್ದಾನಂತಾ?"

"ಚೆನ್ನಾಗಿದ್ದಾನೆ. ಕಾಲೇಜಿಗೆ ಹೋಗೋ ಮೊಮ್ಮಗಳಿದ್ದಾಳೆ."

"ಮೊಮ್ಮಗಳು ಬೇರೆ!" ಎಂದು ಆತ ನಕ್ಕುಬಿಟ್ಟ. "ಅವತ್ತು ನಾಲ್ಕು ನಿಮಿಷ ಮಾಡಿದ ಸಾರ್ ಅವನು. ನಾನು ಬೈದೆ. ಬೂಟು ಕಟ್ಟುತ್ತಿದ್ನಂತೆ."

ಹತ್ತೊಂಬತ್ತು ವರ್ಷ ಸುಳ್ಳನೆನ್ನಿಸಿಕೊಂಡು ಬದುಕಿದವನ ಬಾಯಲ್ಲಿ, ಬೂಟಿನ ಮಾತು ಕಾಗದದಲ್ಲಿದ್ದಂತೆಯೇ ಅಕ್ಷರ ತಪ್ಪದೆ ಬಂದಾಗ ಮೇಷ್ಟ್ರ ಕಣ್ಣು ತುಂಬಿತು, ನನ್ನದೂ ತುಂಬಿತು. ಸಂಶೋಧನೆಯ ಭಾಷೆಯಲ್ಲಿ ಇದನ್ನು ಸ್ವತಂತ್ರ ಸಾಕ್ಷ್ಯವೆನ್ನುತ್ತಾರೆ. ಮೇಷ್ಟ್ರಿಗೆ ಅಂದು ಆ ಪದ ನೆನಪಾಗಲಿಲ್ಲವೆಂದು ಕಾಣುತ್ತದೆ. ಅವರು ಆತನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು, ಎರಡೂವರೆಯ ಬಸ್ಸು ಕೂಗುವ ಹೊತ್ತಾದಾಗಲೇ ಬಿಟ್ಟರು.

ಕಡತ ತಿದ್ದಿಸಲು ಮತ್ತೆರಡು ವರ್ಷ ಹಿಡಿಯಿತು. ಅಷ್ಟೂ ದಿನ ಮೇಷ್ಟ್ರು ಕಚೇರಿಯಿಂದ ಕಚೇರಿಗೆ ತಾವೇ ನಡೆದರು, ಎಣಿಸುತ್ತಲೇ. ಆ ಅಲೆದಾಟದ ಅಳತೆಗಳೇ ಅವರ ಕೊನೆಯ ವರದಿಯಾದವು. ಅದರಲ್ಲಿ ಎರಡೇ ಸಲಹೆಗಳು: ಫೋನು ಸಾಹೇಬರ ಕೋಣೆಯೊಳಗೇ ಇರಲಿ, ಎದುರುಬದುರಿನ ಠಾಣೆಗಳು ಫೋನಿನ ಮಟ್ಟಿಗೆ ಒಂದೇ ಗಡಿಯಾರವನ್ನು ಬಹಿರಂಗವಾಗಿ ಇಟ್ಟುಕೊಳ್ಳಲಿ. ವರದಿಯನ್ನು ಯಾರೂ ಹೊಗಳಲಿಲ್ಲ. ಆದರೆ ಬಹಳ ಅಗ್ಗದ ಸಲಹೆಗಳಾದ್ದರಿಂದಲೋ ಏನೋ ಎರಡೂ ಕಡೆಯವರು ಸದ್ದಿಲ್ಲದೆ ಒಪ್ಪಿಕೊಂಡರು. ಅನುಬಂಧದಲ್ಲಿ ಇಬ್ಬರು ಆಪರೇಟರುಗಳಿಗೆ ಕೃತಜ್ಞತೆ ಹೇಳುವ ವಾಕ್ಯವೊಂದಿತ್ತು, ಉದ್ದವಾಗಿತ್ತು, ಮೆದುವಾಗಿತ್ತು, ನಾನು ಅದರ ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ಅವರು ನಿವೃತ್ತರಾದ ಮೂರನೆಯ ವರ್ಷ ಒಂದು ದಿನ ಆ ಗುಡ್ಡದ ರಿಜಿಸ್ಟರಿನ ಹಾಳೆಯೊಂದರ ಪ್ರತಿ ಸಂಸ್ಥೆಗೆ ಬಂತು. ಅದನ್ನು ಹಿಡಿದು ನಾನು ಅವರ ಮನೆಗೆ ಓಡಿದೆ. ಕಿಟಕಿಯ ಬಳಿ ಅದೇ ಕೋಟು ತೊಟ್ಟು ಕುಳಿತಿದ್ದ ಮೇಷ್ಟ್ರಿಗೆ ಓದಿ ಹೇಳಿದೆ: 'ಆರು ಐವತ್ತೆರಡು, ಆಚೆ ಭಾರಿ ಸದ್ದು. ಆರು ಐವತ್ಮೂರು, ಕರೆ. ಆರು ಐವತ್ತೈದು, ಉತ್ತರ ಬಂತು, ಬಂಡೆ ಸಿಡಿಸಿದ್ದು. ಅದೇ ಹೊತ್ತಿಗೆ ಸಾಹೇಬರಿಗೆ ತಿಳಿಸಿದೆ. ಏನೂ ವಿಶೇಷವಿಲ್ಲ.'

"ಯಾವ ಗಡಿಯಾರದಲ್ಲಿ?" ಎಂದರು ಮೇಷ್ಟ್ರು.

"ಇರೋದೇ ಒಂದಲ್ವೇ ಈಗ."

"ಎಷ್ಟು ಹೆಜ್ಜೆ?"

"ಮೂರು ಅಂತ ಕೇಳಿದೆ."

ಅವರು ಎರಡೂ ಜೇಬುಗಳಿಗೆ ಕೈಹಾಕಿ ಗುಂಡಿಗಳನ್ನೆಲ್ಲ ಮುಷ್ಟಿಯಲ್ಲಿ ತೆಗೆದು ಮೇಜಿನ ಮೇಲಿಟ್ಟು, ಒಳಗಿದ್ದ ಹೆಂಡತಿಗೆ ಕೇಳುವಂತೆ, "ಏಯ್, ಸೂಜಿ ದಾರ ತಗೊಂಡು ಬಾರೆ" ಎಂದು ಕೂಗಿದರು. ಆಕೆ ಬಂದು ಗುಂಡಿಗಳನ್ನು ನೋಡಿ, ಗಂಡನನ್ನು ನೋಡಿ, ದಾರ ಪೋಣಿಸತೊಡಗಿದರು.

ಯುದ್ಧ ಗೆದ್ದವರಿಗೆ ಚೌಕದಲ್ಲಿ ಪ್ರತಿಮೆಯಿದೆ, ಸತ್ತವರಿಗೆ ಕಲ್ಲಿನ ಮೇಲೆ ಹೆಸರಿದೆ. ಆಗದೇ ಹೋದ ಯುದ್ಧಕ್ಕೆ ಕಲ್ಲು ನೆಡುವವರು ಯಾರು, ಎಲ್ಲಿ ನೆಡುವುದು? ಆ ಬೆಳಿಗ್ಗೆ ಆರು ಐವತ್ತೈದರ ಮೇಲೆ ಎರಡು ಗುಡ್ಡಗಳಲ್ಲಿ ಬದುಕಿ ಉಳಿದವರಿಗೆ ತಾವು ಉಳಿದೆವೆಂಬುದೇ ಗೊತ್ತಿಲ್ಲ, ಅವರು ಹಲ್ಲುಜ್ಜಿಕೊಂಡು ತಿಂಡಿಗೆ ಕುಳಿತಿರಬೇಕು. ಹೆಜ್ಜೆ ಮೇಷ್ಟ್ರಂಥವರು ಎಲ್ಲ ದೇಶಗಳಲ್ಲೂ ಇರುತ್ತಾರೆ. ಆಚೆಯವರಲ್ಲೂ ಒಬ್ಬರು ಹೀಗೇ ಹರಕು ಕೋಟು ತೊಟ್ಟು ಏನನ್ನೋ ಎಣಿಸುತ್ತ ನಡೆಯುತ್ತಿದ್ದಾರೆಂದು ನನಗೆ ಗಟ್ಟಿ ನಂಬಿಕೆ. ಲೋಕಕ್ಕೆ ಅವರು ನಗೆಪಾಟಲು, ಮನೆಯವರಿಗೆ ತಲೆನೋವು, ತಮ್ಮ ಲೆಕ್ಕ ತಪ್ಪಿದೆಯೆಂದು ತಿಳಿದ ದಿನ ತಾವಾಗಿಯೇ ಎದ್ದುನಿಂತು ಹೇಳುವ ವಿಚಿತ್ರ ಜನ. ಒಂದು ಜೀವಮಾನವಿಡೀ ನಡೆದು ನಡೆದು ಅವರು ಗಳಿಸುವುದು ಯಾರದೋ ರಿಜಿಸ್ಟರಿನ ಕೊನೆಯಲ್ಲಿ ಯಾರೋ ಅವಸರದಲ್ಲಿ ಗೀಚಿದ ಎರಡು ಪದಗಳನ್ನು: ಏನೂ ವಿಶೇಷವಿಲ್ಲ.